ಜಾಲತಾಣದ ಜಾಹೀರಾತೂ ಹರಿಹರದ ದಾನಶಾಸನವೂ

ಶಾಸನ, ಹಸ್ತಪ್ರತಿ, ಸ್ಥಳೀಯ ಇತಿಹಾಸ, ಪ್ರಾಚೀನ ಕಾವ್ಯ ಮೊದಲಾದ ವಿಷಯಗಳಿಗೆ ಮೀಸಲಾದ ಕನ್ನಡದ ಸಣ್ಣ ಜಾಲತಾಣಗಳ ಆಯುಷ್ಯ ಬಹಳ ಕಡಿಮೆ. ಸಂಶೋಧನೆಯ ಉತ್ಸಾಹದಲ್ಲಿ ಆರಂಭವಾಗುವ ಇವು ಎರಡು ಮೂರು ವರ್ಷ ಚೆನ್ನಾಗಿಯೇ ನಡೆದು, ಹೆಸರಿನ ನವೀಕರಣ ಶುಲ್ಕವನ್ನು ಕಟ್ಟುವವರಿಲ್ಲದೆ ಒಂದು ದಿನ ಕಣ್ಮರೆಯಾಗುತ್ತವೆ. ಮಾರಾಟವಾಗದ ಪುಸ್ತಕವೂ ಯಾವುದಾದರೊಂದು ಗ್ರಂಥಾಲಯದ ಕಪಾಟಿನಲ್ಲಿ ಉಳಿದಿರುತ್ತದೆ. ಹುಳು ಹಿಡಿದ ತಾಳೆಯೋಲೆಯಲ್ಲಿಯೂ ಅರ್ಧ ಪದ್ಯವನ್ನಾದರೂ ಓದಬಹುದು. ಜಾಲತಾಣಕ್ಕೆ ಈ ಸೌಲಭ್ಯವಿಲ್ಲ. ಅದು ಹೋದರೆ ಪೂರ್ತಿಯಾಗಿ ಹೋಗುತ್ತದೆ. ಅದನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದ ಎಂ.ಎ. ವಿದ್ಯಾರ್ಥಿಯ ಕಿರುಪ್ರಬಂಧವೂ, ಪಿಎಚ್.ಡಿ. ಅಭ್ಯರ್ಥಿಯ ಮಹಾಪ್ರಬಂಧವೂ ಆಧಾರವಿಲ್ಲದೆ ನಿಲ್ಲುತ್ತವೆ.

ಆದ್ದರಿಂದ ಜಾಲತಾಣದ ಪ್ರದರ್ಶನ ಜಾಹೀರಾತಿನಿಂದ ಬರುವ ಹಣದ ವಿಚಾರವನ್ನು ಸಾಹಿತ್ಯದ ಓದುಗರು ಕೀಳೆಂದು ಬದಿಗಿಡುವುದು ಉಚಿತವಲ್ಲ. ಈ ವಿಚಾರವನ್ನು ದಾವಣಗೆರೆ ಮತ್ತು ಹರಿಹರಗಳ ನೆಲೆಯಲ್ಲಿ ನಿಂತು ನೋಡುವುದಕ್ಕೆ ಎರಡು ಕಾರಣಗಳಿವೆ. ಒಂದು, ಹತ್ತಿಯ ಗಿರಣಿಗಳ ಕಾಲದಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಹೊತ್ತ ದಾವಣಗೆರೆ ಮೂಲತಃ ಪೇಟೆಯ ಊರು. ಜಾಹೀರಾತು ಕೊಡಬಲ್ಲ ವರ್ತಕರು ಅಲ್ಲಿದ್ದಾರೆ. ಇನ್ನೊಂದು, ಅಲ್ಲಿಂದ ಕೆಲವೇ ಹರದಾರಿ ದೂರದಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರದ ಹರಿಹರೇಶ್ವರ ದೇವಾಲಯದಲ್ಲಿ ಕೊಟ್ಟವರ ಹೆಸರನ್ನು ಸಾರ್ವಜನಿಕವಾಗಿ ಪ್ರದರ್ಶಿಸುವ ಪದ್ಧತಿಗೆ ಏಳೆಂಟು ಶತಮಾನಗಳ ಕಲ್ಲಿನ ದಾಖಲೆಯಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದವರು ಕಡಿಮೆ.

ಮೊದಲು ಲೆಕ್ಕ. ಸಣ್ಣ ತಾಣಗಳು ಸಾಮಾನ್ಯವಾಗಿ ಆಶ್ರಯಿಸುವುದು 2003ರಲ್ಲಿ ಆರಂಭವಾದ ಗೂಗಲ್ ಆಡ್‌ಸೆನ್ಸ್ ವ್ಯವಸ್ಥೆಯನ್ನು. ಇದರಲ್ಲಿ ಜಾಹೀರಾತುದಾರ ಕೊಟ್ಟ ಹಣದ ಶೇಕಡಾ 68ರಷ್ಟು ತಾಣಕ್ಕೆ ಸೇರುತ್ತದೆ ಎಂಬುದು ಬಹುಕಾಲದ ನಿಯಮವಾಗಿತ್ತು. 2024ರಿಂದ ಲೆಕ್ಕದ ರೀತಿ ಬದಲಾಗಿದೆ: ಕೊಳ್ಳುವ ಕಡೆಯ ಸಾಧನದ ಶುಲ್ಕವನ್ನು ಕಳೆದು ಉಳಿದುದರಲ್ಲಿ ಶೇಕಡಾ 80 ತಾಣದ ಪಾಲು. ಗೂಗಲಿನ ಸಾಧನದ ಮೂಲಕವೇ ಕೊಂಡ ಜಾಹೀರಾತಿನಲ್ಲಿ ಒಟ್ಟು ಮೊತ್ತ ಮತ್ತೆ ಹೆಚ್ಚುಕಡಿಮೆ 68ಕ್ಕೇ ಬಂದು ನಿಲ್ಲುತ್ತದೆ. ಅದೇ ಹೊತ್ತಿಗೆ ಆದ ಇನ್ನೊಂದು ಬದಲಾವಣೆ ಹೆಚ್ಚು ಮುಖ್ಯವಾದುದು: ಮೊದಲು ಪ್ರಧಾನವಾಗಿ ಓದುಗ ಒತ್ತಿದ ಕ್ಲಿಕ್ಕಿಗೆ ಹಣ ಸಲ್ಲುತ್ತಿತ್ತು, ಈಗ ಜಾಹೀರಾತು ಪುಟದಲ್ಲಿ ತೋರಿದ್ದಕ್ಕೆ ಸಲ್ಲುತ್ತದೆ. ಖಾತೆಯಲ್ಲಿ 100 ಡಾಲರ್ ತುಂಬುವ ತನಕ ಬಿಡಿಗಾಸೂ ಕೈಗೆ ಬರುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ಹಾಕಬಹುದು. ಹರಿಹರದ ಶಾಸನಗಳ ಕುರಿತ ಒಂದು ತಾಣದಲ್ಲಿ ತಿಂಗಳಿಗೆ 20,000 ಪುಟಗಳು ಓದಲ್ಪಡುತ್ತವೆ, ಸಾವಿರ ಪುಟಕ್ಕೆ 40 ರೂಪಾಯಿ ಹುಟ್ಟುತ್ತದೆ ಎಂದಿಟ್ಟುಕೊಂಡರೆ ತಿಂಗಳ ಆದಾಯ 800 ರೂಪಾಯಿ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಮೊದಲ ಹಣ ಕೈಸೇರುವ ಅರ್ಹತೆ ಬರುವುದು ಹನ್ನೊಂದನೆಯ ತಿಂಗಳು. ಬರೆದವರ ಶ್ರಮಕ್ಕೆ ಇದು ಯಾವ ಅಳತೆಯಲ್ಲಿಯೂ ಸಂಭಾವನೆಯಲ್ಲ. ಆದರೆ ತಾಣದ ಹೆಸರು ಮತ್ತು ಸಂಗ್ರಹಸ್ಥಳದ ವಾರ್ಷಿಕ ವೆಚ್ಚಕ್ಕೆ ಇದು ಸಾಲುತ್ತದೆ. ಅಂದರೆ ಜಾಹೀರಾತಿನ ಪ್ರಶ್ನೆ ಲೇಖಕನ ಜೀವನೋಪಾಯದ್ದಲ್ಲ, ಬರಹದ ಉಳಿವಿನದು. ಈ ಭೇದವನ್ನು ಆರಂಭದಲ್ಲಿಯೇ ಮಾಡಿಕೊಳ್ಳದವರು ಒಂದೋ ಅತಿಯಾಸೆಯಿಂದ ಪುಟವನ್ನು ಕೆಡಿಸುತ್ತಾರೆ, ಇಲ್ಲವೆ ನಿರಾಶೆಯಿಂದ ತಾಣವನ್ನೇ ಬಿಟ್ಟುಬಿಡುತ್ತಾರೆ.

ಕನ್ನಡ ಪುಟಕ್ಕೆ ದರ ಕಡಿಮೆಯೇಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಓದುಗರಿಲ್ಲ’ ಎಂಬುದು. ಅದು ಅರೆಸತ್ಯ. ಪುಟ ತೆರೆದ ಕ್ಷಣದಲ್ಲಿ ಆ ಜಾಗಕ್ಕಾಗಿ ಒಂದು ಹರಾಜು ನಡೆಯುತ್ತದೆ. ಕೂಗುವವರು ಎಷ್ಟು ಮಂದಿ ಎಂಬುದರ ಮೇಲೆ ದರ ನಿಲ್ಲುತ್ತದೆ. ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡದ್ದು 2014ರ ಡಿಸೆಂಬರಿನಲ್ಲಿ, ಬಂಗಾಳಿಯನ್ನು 2017ರಲ್ಲಿ, ತಮಿಳನ್ನು 2018ರಲ್ಲಿ. ಕನ್ನಡ ಈ ಪಂಕ್ತಿಯಲ್ಲಿ ಇನ್ನೂ ಹಿಂದೆ ಕುಳಿತಿತ್ತು. ಭಾಷೆ ಪಟ್ಟಿಗೆ ಸೇರುವ ಮೊದಲು ಕನ್ನಡ ತಾಣಗಳನ್ನು ನಡೆಸಿದವರಿಗೆ ನ್ಯಾಯವಾಗಿ ಜಾಹೀರಾತು ಪಡೆಯುವ ದಾರಿಯೇ ಇರಲಿಲ್ಲ. ಸೇರಿದ ಮೇಲೂ ಬೆಂಗಳೂರಿನ ದೊಡ್ಡ ಕಂಪನಿಗಳು ತಮ್ಮ ಹಣವನ್ನು ಇಂಗ್ಲಿಷ್ ಪುಟಗಳಿಗೆ ಮೀಸಲಿಡುವ ರೂಢಿಯನ್ನು ಬಿಡಲಿಲ್ಲ. ಓದುಗ ಎಲ್ಲಿ ಕುಳಿತು ಓದುತ್ತಿದ್ದಾನೆ ಎಂಬುದರಿಂದಲೂ ದರ ಬದಲಾಗುತ್ತದೆ. ಒಂದೇ ಲೇಖನವನ್ನು ಹರಿಹರದಲ್ಲಿ ಓದಿದಾಗ ಹುಟ್ಟುವ ಹಣಕ್ಕೂ ಅಮೆರಿಕೆಯಲ್ಲಿ ನೆಲಸಿದ ಕನ್ನಡಿಗ ಓದಿದಾಗ ಹುಟ್ಟುವ ಹಣಕ್ಕೂ ಬಹಳ ಅಂತರವಿದೆ. ಹೊರನಾಡಿನ ಓದುಗರನ್ನು ಗಮನದಲ್ಲಿಟ್ಟು ಬರೆಯುವುದರಲ್ಲಿ ಒಂದು ಸಣ್ಣ ಆರ್ಥಿಕ ವಿವೇಕವೂ ಇದೆ.

ಇವೆಲ್ಲ ಹೊರಗಿನ ಕಾರಣಗಳು. ವಿದ್ವಾಂಸರೇ ತಂದುಕೊಂಡ ಕಾರಣವೊಂದಿದೆ, ಅದರ ಬಗ್ಗೆ ತುಸು ವಿವರವಾಗಿ ಹೇಳಬೇಕು. ಜಾಹೀರಾತನ್ನು ಹಂಚುವ ಯಂತ್ರ ಪುಟದಲ್ಲಿರುವ ಪದಗಳನ್ನು ಓದಿ ಅದರ ವಿಷಯವನ್ನು ಊಹಿಸುತ್ತದೆ. ಪದಗಳನ್ನು ಓದಲಾಗದಿದ್ದರೆ ಆ ಪುಟ ಅದರ ಪಾಲಿಗೆ ಖಾಲಿ. ಕನ್ನಡದ ಸಂಶೋಧನಾ ಬರಹಗಳಲ್ಲಿ ಗಣನೀಯ ಭಾಗ ಇಂದಿಗೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಉಳಿದಿದೆ. ಯೂನಿಕೋಡಿಗೆ ಪರಿವರ್ತಿಸದೆ ಅದನ್ನು ಹಾಗೆಯೇ ಏರಿಸಿದರೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇನ್ನು ಕೆಲವರು ಮುದ್ರಿತ ಪುಟದ ಛಾಯಾಚಿತ್ರವನ್ನೋ ಪಿಡಿಎಫ್ ಕಡತವನ್ನೋ ಇಟ್ಟು ಸುಮ್ಮನಾಗುತ್ತಾರೆ. ಪಿಡಿಎಫ್ ಕಡತದೊಳಗೆ ತಾಣದ ಜಾಹೀರಾತು ಕೂರುವುದಿಲ್ಲ. ಚಿತ್ರದಲ್ಲಿರುವ ಕನ್ನಡ ಹುಡುಕುವವರಿಗೆ ಸಿಗುವುದು ಅನಿಶ್ಚಿತ.

ಹಳಗನ್ನಡದ ಪಾಠಗಳಲ್ಲಿ ತೊಡಕು ಇನ್ನೂ ಒಂದು ಪದರ ಆಳದಲ್ಲಿದೆ. ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವೇನೋ ಇದೆ. ಆದರೆ ೞ ಅಕ್ಷರಕ್ಕೆ ಅಲ್ಲಿ ಕೊಟ್ಟ ಹೆಸರು ‘ಫ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ತಪ್ಪು ಉಳಿದುಕೊಂಡಿದೆ. ಪಕ್ಕದಲ್ಲಿ ತಿದ್ದುಪಡಿಯ ಉಪನಾಮವೊಂದನ್ನು ಮಾತ್ರ ಸೇರಿಸಲಾಗಿದೆ. ರಳ, ಕುಳ, ಕ್ಷಳಗಳ ಭೇದವನ್ನು ಕಲಿಸಿದ ಕೇಶಿರಾಜನ ನಾಡಿನ ಅಕ್ಷರಕ್ಕೆ ಈ ಗತಿ. ‘ಏೞು’ ಎಂದು ಶುದ್ಧಪಾಠವನ್ನೇ ಕೊಡುವ ಸಂಪಾದಕನ ಪುಟ ‘ಏಳು’ ಎಂದು ಹುಡುಕುವ ವಿದ್ಯಾರ್ಥಿಗೆ ಸಿಗದೆ ಹೋಗಬಹುದು. ಪಾಠವನ್ನು ತಿದ್ದುವುದು ಇದಕ್ಕೆ ಪರಿಹಾರವಲ್ಲ. ಶುದ್ಧಪಾಠದ ಕೆಳಗೆ ಹೊಸಗನ್ನಡದ ಗದ್ಯಾನುವಾದವನ್ನೂ, ಊರು, ತಾಲ್ಲೂಕು, ರಾಜ, ಕಾಲ, ಶಾಸನಸಂಖ್ಯೆಗಳನ್ನೂ ಸಾಮಾನ್ಯ ಲಿಪಿಯಲ್ಲಿ ಕೊಡಬೇಕು. ಹರಿಹರದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಶೀರ್ಷಿಕೆಯಡಿಯಲ್ಲಿ ಅಚ್ಚಾಗಿವೆ, ಆಗ ಅದು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಮೂರು ಹೆಸರುಗಳಲ್ಲಿ ಯಾವುದನ್ನು ಹಿಡಿದು ಹುಡುಕಿದರೂ ಸಿಗುವಂತೆ ಪುಟವನ್ನು ಬರೆದವನು ವಿದ್ವತ್ತಿಗೂ ಓದುಗನಿಗೂ ಒಟ್ಟಿಗೆ ಉಪಕಾರ ಮಾಡಿದಂತಾಗುತ್ತದೆ. ಓದುಗ ಬಂದರೆ ತಾನೆ ಜಾಹೀರಾತಿನ ಮಾತು?

ಆದಾಯ ಸಾಲದೆಂದಾಗ ಮೊದಲು ಹೊಳೆಯುವ ಉಪಾಯ ಜಾಹೀರಾತುಗಳ ಸಂಖ್ಯೆಯನ್ನು ಹೆಚ್ಚಿಸುವುದು. ಒಂದು ಪುಟಕ್ಕೆ ಮೂರೇ ಜಾಹೀರಾತು ಎಂಬ ಮಿತಿಯನ್ನು ಆಡ್‌ಸೆನ್ಸ್ 2016ರಲ್ಲಿ ಕೈಬಿಟ್ಟಿತು. ಅಂದಿನಿಂದ ಅನೇಕ ತಾಣಗಳು ಜಾತ್ರೆಯ ಬೀದಿಯಂತಾದವು. ಈ ಉಪಾಯ ನೀತಿಯ ದೃಷ್ಟಿಯಿಂದ ಮಾತ್ರವಲ್ಲ, ಲೆಕ್ಕದ ದೃಷ್ಟಿಯಿಂದಲೂ ತಪ್ಪು. ಜಾಲತಾಣದ ಮೊದಲ ಬ್ಯಾನರ್ ಜಾಹೀರಾತು ‘ಹಾಟ್‌ವೈರ್ಡ್’ನಲ್ಲಿ ಕಾಣಿಸಿಕೊಂಡದ್ದು 1994ರ ಅಕ್ಟೋಬರಿನಲ್ಲಿ, ನಾಲ್ಕೇ ವರ್ಷಗಳಲ್ಲಿ, 1998ರಲ್ಲಿ, ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು ‘ಬ್ಯಾನರ್ ಕುರುಡು’ ಎಂಬ ಪರಿಕಲ್ಪನೆಯನ್ನು ಮಂಡಿಸಬೇಕಾಯಿತು. ಜಾಹೀರಾತಿನಂತೆ ತೋರುವ ಏನನ್ನೂ ಓದುಗನ ಕಣ್ಣು ತಾನಾಗಿಯೇ ದಾಟಿಹೋಗುತ್ತದೆ. 2014ರಲ್ಲಿ ಗೂಗಲ್ ತಾನೇ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಅಳೆದ ಜಾಹೀರಾತುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಇಲ್ಲಿ ‘ಕಾಣುವುದು’ ಎಂದರೆ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡು ತೆರೆಯ ಮೇಲಿರುವುದು. ಇಷ್ಟು ಉದಾರವಾದ ಪರೀಕ್ಷೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಅನುತ್ತೀರ್ಣ. ಕಾಣದ ಜಾಗಕ್ಕೆ ಹರಾಜಿನಲ್ಲಿ ಬೆಲೆ ಬೀಳುತ್ತ ಹೋಗುತ್ತದೆ, ಆ ಕೆಟ್ಟ ಹೆಸರು ಒಳ್ಳೆಯ ಜಾಗದ ಬೆಲೆಯನ್ನೂ ತಗ್ಗಿಸುತ್ತದೆ. ಮೊಬೈಲ್ ಪುಟದ ಮುಖ್ಯ ಬರಹದ ಎತ್ತರದಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಭಾಗವನ್ನು ಜಾಹೀರಾತು ಆಕ್ರಮಿಸಬಾರದೆಂಬ ಮಾನದಂಡವೂ ಇದೆ. ಇಂಥ ಮಾನದಂಡಗಳನ್ನು ಪದೇ ಪದೇ ಮೀರುವ ತಾಣದ ಎಲ್ಲ ಜಾಹೀರಾತುಗಳನ್ನೂ ಕ್ರೋಮ್ 2018ರ ಫೆಬ್ರವರಿಯಿಂದ ತಡೆಹಿಡಿಯುತ್ತದೆ.

ಸಾಹಿತ್ಯದ ಪುಟದಲ್ಲಿ ಇದರ ಹಾನಿ ಬೇರೆ ಬಗೆಯದು. ಚಂಪೂಕಾವ್ಯದ ಒಂದು ಪ್ರಕರಣವನ್ನು ವ್ಯಾಖ್ಯಾನ ಸಹಿತ ಕೊಡುವ ಪುಟದಲ್ಲಿ ಯಂತ್ರವೇ ಜಾಗ ಹುಡುಕಿ ಕೂರಿಸುವ ‘ಸ್ವಯಂಚಾಲಿತ ಜಾಹೀರಾತು’ ವೃತ್ತದ ಎರಡನೆಯ ಮತ್ತು ಮೂರನೆಯ ಪಾದಗಳ ನಡುವೆಯೂ ನುಗ್ಗಬಲ್ಲದು. ಅದಕ್ಕೆ ಪಾದವೆಂದರೆ ಒಂದು ಸಾಲು, ಅಷ್ಟೆ. ಪದ್ಯಕ್ಕೂ ಅದರ ಅನ್ವಯಕ್ಕೂ ನಡುವೆ ಸಾಬೂನಿನ ಚಿತ್ರ ಬಂದರೆ ಓದು ಮುರಿಯುತ್ತದೆ. ಮುರಿದ ಓದಿಗೆ ವಿದ್ಯಾರ್ಥಿ ಮರಳಿ ಬರುವುದಿಲ್ಲ. ಆದ್ದರಿಂದ ಇಂಥ ತಾಣಗಳಲ್ಲಿ ಸ್ವಯಂಚಾಲಿತ ವ್ಯವಸ್ಥೆಯನ್ನು ನಿಲ್ಲಿಸಿ, ಜಾಗವನ್ನು ಸಂಪಾದಕನೇ ಆರಿಸಬೇಕು. ಪೀಠಿಕೆಯ ಮೊದಲ ಕಂಡಿಕೆ ಮುಗಿದ ಮೇಲೆ ಒಂದು, ಪ್ರಕರಣ ಮುಗಿದು ವಿಮರ್ಶೆ ಆರಂಭವಾಗುವ ಸಂಧಿಯಲ್ಲಿ ಒಂದು. ಬಹಳ ದೀರ್ಘವಾದ ಲೇಖನವಾದರೆ ಕೊನೆಯಲ್ಲಿ ಇನ್ನೊಂದು. ಪುಟದ ನೆತ್ತಿಯ ಮೇಲೆ ಬೇಡ. ನೆತ್ತಿಯ ಜಾಹೀರಾತನ್ನು ಓದುಗ ಸರಿಸಿಕೊಂಡೇ ಕೆಳಗಿಳಿಯುತ್ತಾನೆ; ಮೊದಲ ತೆರೆಯ ಅಂಚಿಗೆ ತಾಗಿಕೊಂಡಿರುವ ಜಾಗವೇ ಹೆಚ್ಚು ನೋಡಲ್ಪಡುವುದೆಂದು ಮೇಲೆ ಹೇಳಿದ ಅಧ್ಯಯನದಲ್ಲಿಯೇ ಇದೆ.

ಇವುಗಳ ಜೊತೆಗೆ ಕೆಲವು ಸಣ್ಣ ಕೆಲಸಗಳು. ಜಾಹೀರಾತು ಬರುವ ಮೊದಲೇ ಅದರ ಎತ್ತರದಷ್ಟು ಸ್ಥಳವನ್ನು ಪುಟದಲ್ಲಿ ಕಾದಿರಿಸಿದರೆ ಓದುತ್ತಿದ್ದ ಸಾಲು ಹಠಾತ್ತನೆ ಕೆಳಗೆ ಜಾರುವುದಿಲ್ಲ. ದೇವಾಲಯದ ಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲಿಯೇ ಏರಿಸುವ ಅಭ್ಯಾಸವನ್ನು ಬಿಟ್ಟರೆ ಹಳ್ಳಿಯ ಮೊಬೈಲಿನಲ್ಲಿಯೂ ಪುಟ ಬೇಗ ತೆರೆಯುತ್ತದೆ. ತೆರೆಯುವ ಮೊದಲೇ ಬಿಟ್ಟುಹೋದ ಓದುಗನಿಂದ ಯಾವ ಹಣವೂ ಇಲ್ಲ. ಹಳೆಯ ಲೇಖನಗಳಿಗೆ ಹೊಸ ಲೇಖನದಿಂದ ಕೊಂಡಿ ಕೊಡುವುದು ಇನ್ನೊಂದು ಕೆಲಸ. ಇತಿಹಾಸದ ಬರಹಕ್ಕೆ ಸುದ್ದಿಯ ಬರಹಕ್ಕಿಲ್ಲದ ಒಂದು ಭಾಗ್ಯವಿದೆ, ಅದು ಹಳಸುವುದಿಲ್ಲ. ಐದು ವರ್ಷದ ಹಿಂದಿನ ಶಾಸನಪಾಠಕ್ಕೆ ಪ್ರತಿ ವರ್ಷ ಪರೀಕ್ಷೆಯ ಕಾಲದಲ್ಲಿ ಹೊಸ ಓದುಗರು ಬರುತ್ತಾರೆ. ವಿದ್ಯಾರ್ಥಿಗಳಿಗೆ, ಬಂಧುಗಳಿಗೆ ಹೇಳಿ ಜಾಹೀರಾತನ್ನು ಒತ್ತಿಸುವುದಂತೂ ಕೂಡದು. ಅದು ವಂಚನೆ, ಯಂತ್ರ ಅದನ್ನು ಪತ್ತೆಹಚ್ಚಿ ಖಾತೆಯನ್ನೇ ಮುಚ್ಚುತ್ತದೆ.

ಯಾವ ಜಾಹೀರಾತು ಬರಬಾರದೆಂದು ತಡೆಯುವ ಅಧಿಕಾರವೂ ತಾಣದವರಿಗಿದೆ; ಅದನ್ನು ಬಳಸುವವರು ಅಪರೂಪ. ಯಂತ್ರಕ್ಕೆ ಪದ ತಿಳಿಯುತ್ತದೆ, ಪ್ರಸಂಗ ತಿಳಿಯುವುದಿಲ್ಲ. ಪಂಪಭಾರತದ ದ್ಯೂತಪ್ರಸಂಗವನ್ನು ಕುರಿತ ವಿಮರ್ಶೆಯ ಪಕ್ಕದಲ್ಲಿ ಹಣ ಕಟ್ಟಿ ಆಡುವ ರಮ್ಮಿಯ ಜಾಹೀರಾತು ಬರುವುದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇರಲಿಲ್ಲ. ಅದಕ್ಕಿಂತ ‘ಸಂದರ್ಭೋಚಿತ’ವಾದುದು ಯಂತ್ರಕ್ಕೆ ಹೊಳೆಯಲಾರದು. ಹಣದ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ವಶೀಕರಣದವರು, ದಿಢೀರ್ ಸಾಲದವರು ಇನ್ನೂ ಉಳಿದಿದ್ದಾರೆ. ಇವರನ್ನು ತಡೆದರೆ ಆದಾಯ ತುಸು ಕುಗ್ಗಬಹುದು. ಕುಗ್ಗಲಿ.

ಇಷ್ಟೆಲ್ಲ ಮಾಡಿದರೆ 40 ರೂಪಾಯಿಯ ದರ 60 ಆಗಬಹುದು; ಹತ್ತುಪಟ್ಟು ಆಗುವುದಿಲ್ಲ. ಅದಕ್ಕಾಗಿಯೇ ಹರಿಹರದ ಕಡೆಗೆ ನೋಡಬೇಕಾಗಿದೆ.

ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಸೋಮನಾಥಪುರದ ಸ್ಥಾಪಕನಾದ ಸೋಮ ದಂಡನಾಯಕ 1268ರಲ್ಲಿ ಅದನ್ನು ವಿಸ್ತರಿಸಿದ. ಮುಂದೆ ವಿಜಯನಗರದ ಕಾಲದಲ್ಲಿಯೂ ದತ್ತಿಗಳು ಬಂದವು. ಒಂದೊಂದು ದತ್ತಿಯೂ ಕಲ್ಲಿನ ಮೇಲೆ ನಿಂತಿತು. ದಾನಶಾಸನದ ರಚನೆ ವಿದ್ಯಾರ್ಥಿಗಳಿಗೆ ಪರಿಚಿತ: ದೇವತಾಸ್ತುತಿ, ರಾಜವಂಶದ ವರ್ಣನೆ, ದಾನಿಯ ಗುಣಕಥನ, ದತ್ತಿಯ ವಿವರ, ಗದ್ದೆಯ ಎಲ್ಲೆ, ಕೊನೆಗೆ ಶಾಪಾಶಯ. ದಾನಿಯ ಪ್ರಶಂಸೆಯನ್ನು ಬರೆದ ಕವಿಗೆ ಸಂಕೋಚವಿರಲಿಲ್ಲ. ಓದುವವರು ಬಂದು ಹೋಗುವ ಜಾಗದಲ್ಲಿ ಅದನ್ನು ನಿಲ್ಲಿಸಿದವರಿಗೂ ಇರಲಿಲ್ಲ. ಇದನ್ನು ಜಾಹೀರಾತೆಂದು ಕರೆದರೆ ಕೆಲವರಿಗೆ ಕಸಿವಿಸಿಯಾದೀತು. ಆದರೆ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸುವ ಬಯಕೆ ಮತ್ತು ಅದಕ್ಕಾಗಿ ತೆರುವ ಬೆಲೆ ಎರಡೂ ಅಲ್ಲಿವೆ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಶಾಸನ ದಾನಿಯನ್ನು ಕಟ್ಟಿಹಾಕುತ್ತದೆ. ಕೊಟ್ಟುದನ್ನು ತಾನಾಗಲಿ ತನ್ನ ವಂಶದವರಾಗಲಿ ಹಿಂತೆಗೆದುಕೊಂಡರೆ ಆಗುವ ಗತಿಯನ್ನು ಅವನೇ ಬರೆಸುತ್ತಾನೆ. ಇಂದಿನ ಜಾಹೀರಾತು ಬಾಡಿಗೆಯ ಗೋಡೆ. ಬಾಡಿಗೆ ಮುಗಿದ ಮರುಕ್ಷಣ ಬೇರೆಯವರ ಬಣ್ಣ.

ಮಧ್ಯಕಾಲದ ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರದ ಸಾದೃಶ್ಯ ಬೇರೊಂದಿದೆ. ನಂದಾದೀವಿಗೆಯ ದತ್ತಿ. ಒಂದಿಷ್ಟು ಪೊನ್ನನ್ನು ಮೂಲಧನವಾಗಿಟ್ಟು ಅದರ ಬಡ್ಡಿಯಿಂದ ದೀಪವನ್ನು ಸದಾ ಉರಿಸುವ ಏರ್ಪಾಡು ಅದು. ಪೇಟೆಯ ನಖರರು, ಗಾಣಿಗರು ತಮ್ಮ ತಮ್ಮಲ್ಲಿ ಒಪ್ಪಿಕೊಂಡು ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ ಎಂದು ನಿಗದಿಮಾಡಿದ ಶಾಸನಗಳು ನಾಡಿನ ಉದ್ದಗಲಕ್ಕೂ ಸಿಗುತ್ತವೆ. ಜಾಲತಾಣಕ್ಕೆ ಬೇಕಾದದ್ದು ಪೊಲಾಳ್ವನ ಔದಾರ್ಯವಲ್ಲ, ಗಾಣಿಗರ ಸೊಲ್ಲಿಗೆ. ವರ್ಷಕ್ಕೆ ಕೆಲವು ಸಾವಿರ ರೂಪಾಯಿ, ಆದರೆ ತಪ್ಪದೆ ಪ್ರತಿ ವರ್ಷ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಇಂಥ ಪ್ರಸಂಗದಲ್ಲಿ ನೆನೆಯುವುದು ವಾಡಿಕೆ. ಆ ನೆನಪು ಪೂಜ್ಯವಾದುದೇ ಆದರೂ ಅದರಿಂದ ಒಂದು ಅಪಾಯವಿದೆ. ಮಹಾದಾನಿಯೊಬ್ಬರು ಬರುವರೆಂದು ಕಾಯುತ್ತ ಕುಳಿತ ಸಂಶೋಧಕರಿಗೆ ಅಂಗಡಿಬೀದಿಯ ಸಣ್ಣ ದಾನಿ ಕಾಣುವುದೇ ಇಲ್ಲ.

ಆ ಅಂಗಡಿಬೀದಿಯ ಬಲವನ್ನು ಮುದ್ರಣಲೋಕ ಬಹಳ ಹಿಂದೆಯೇ ಅರಿತಿತ್ತು. ದಾವಣಗೆರೆಯಿಂದ ಹೊರಡುವ ‘ಜನತಾವಾಣಿ’ಯಂಥ ಜಿಲ್ಲಾ ದಿನಪತ್ರಿಕೆಗಳು ಬಾಳಿರುವುದು ರಾಷ್ಟ್ರಮಟ್ಟದ ಕಂಪನಿಗಳ ಜಾಹೀರಾತಿನಿಂದಲ್ಲ, ಜವಳಿ ಅಂಗಡಿ, ಶಾಲಾ ಪ್ರವೇಶ, ನಿವೇಶನ ಮಾರಾಟ, ಅಭಿನಂದನೆ, ಶ್ರದ್ಧಾಂಜಲಿಗಳಿಂದ. ಹರಿಹರಕ್ಕೆ ಸಂಬಂಧಿಸಿದ ಇನ್ನೊಂದು ಉದಾಹರಣೆ ನೆರೆಯ ಮರಾಠಿಯದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು, ಅದು ತಯಾರಿಸಿದ ಲೇತ್ ಯಂತ್ರಗಳು ಊರಿನ ಹೆಸರನ್ನು ದೇಶಕ್ಕೆಲ್ಲ ಒಯ್ದವು. ಅದೇ ಕಿರ್ಲೋಸ್ಕರ್ ಮನೆತನದ ಶಂಕರರಾವ್ 1920ರಲ್ಲಿ ಕಿರ್ಲೋಸ್ಕರವಾಡಿಯಿಂದ ‘ಕಿರ್ಲೋಸ್ಕರ್ ಖಬರ್’ ಎಂಬ ಕಿರುಪತ್ರಿಕೆಯನ್ನು ಹೊರಡಿಸಿದರು. ಕಾರ್ಖಾನೆಯ ಸರಕಿನ ವರ್ತಮಾನವನ್ನು ಗಿರಾಕಿಗಳಿಗೆ ತಿಳಿಸುವುದು ಅದರ ಆರಂಭದ ಉದ್ದೇಶ. ಕ್ರಮೇಣ ಅದು ಮರಾಠಿಯ ಬಹುಮುಖ್ಯ ಸಾಹಿತ್ಯ-ವಿಚಾರ ಮಾಸಿಕವಾಗಿ ಬೆಳೆಯಿತು; ಮುಂದೆ ‘ಸ್ತ್ರೀ’, ‘ಮನೋಹರ’ ಎಂಬ ಸೋದರ ಪತ್ರಿಕೆಗಳೂ ಬಂದವು. ನೇಗಿಲಿನ ಜಾಹೀರಾತಿಗಾಗಿ ಹುಟ್ಟಿದ ಕಾಗದ ಒಂದು ಭಾಷೆಯ ಸಾಹಿತ್ಯಕ್ಕೆ ನೆಲೆಯಾದ ಕಥೆ ಇದು. ಹರಿಹರದಲ್ಲಿ ಕಾರ್ಖಾನೆ ಬಂತು, ಅಂಥ ಕನ್ನಡ ಪತ್ರಿಕೆ ಬರಲಿಲ್ಲ. ಕಾರ್ಖಾನೆಯೂ ಈಗ ಇಲ್ಲ.

ಇದಕ್ಕೆ ನೇರ ವಿರುದ್ಧವಾದ ಮಾದರಿಯೂ ಕನ್ನಡದಲ್ಲಿಯೇ ಇದೆ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಸ್ವೀಕರಿಸದೆ ಮಾರಾಟದ ಹಣದಿಂದ ನಡೆಯಿತು. ಜಾಹೀರಾತುದಾರನ ಮುಲಾಜಿಲ್ಲದ ಬರವಣಿಗೆಯ ರುಚಿಯನ್ನು ಅದು ತೋರಿಸಿಕೊಟ್ಟಿತು. ಆದರೆ ಅದಕ್ಕೆ ಕಾಸು ಕೊಟ್ಟು ಕೊಳ್ಳುವ ಅಪಾರ ಓದುಗವರ್ಗವಿತ್ತು. ಶಾಸನದ ಪಾಠಾಂತರಗಳನ್ನು ಚರ್ಚಿಸುವ ತಾಣಕ್ಕೆ ಆ ದಾರಿ ತೆರೆದಿಲ್ಲ. ವಿದ್ಯಾರ್ಥಿಗೆ ಬಾಗಿಲು ಮುಚ್ಚಿ ಚಂದಾ ಕೇಳುವ ವಿದ್ವತ್ತಾಣ ತನ್ನ ಉದ್ದೇಶವನ್ನೇ ಮರೆತಂತೆ.

ಹಾಗಾದರೆ ದಾವಣಗೆರೆಯ ಜವಳಿ ವರ್ತಕ, ಪುಸ್ತಕದ ಅಂಗಡಿ, ಬೆಣ್ಣೆದೋಸೆಯ ಹೋಟೆಲು, ಹರಿಹರದ ಔಷಧದಂಗಡಿ ಇಂಥ ಮೂವರು ತಿಂಗಳಿಗೆ ತಲಾ 500 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 18,000 ರೂಪಾಯಿ. ಮೇಲೆ ಊಹಿಸಿದ 20,000 ಪುಟಗಳ ಯಂತ್ರದ ಜಾಹೀರಾತು, ದರ 60ಕ್ಕೆ ಏರಿದ ಮೇಲೂ, ವರ್ಷಕ್ಕೆ ಕೊಡುವುದು 14,400. ವರ್ತಕನಿಗೆ ಇದರಿಂದ ಲಾಭವೇನು ಎಂದರೆ, ಸ್ಥಳೀಯ ಇತಿಹಾಸವನ್ನು ಓದುವವರಲ್ಲಿ ಆ ಊರಿನವರ, ಆ ಊರನ್ನು ಬಿಟ್ಟುಹೋದವರ ಪಾಲು ದೊಡ್ಡದಿರುತ್ತದೆ. ಹರಿಹರದ ದೇಗುಲದ ಲೇಖನವನ್ನು ಓದಿದವನು ಒಂದು ದಿನ ಹರಿಹರಕ್ಕೆ ಬಂದೇ ಬರುತ್ತಾನೆ. ಜಾಹೀರಾತು ಶುದ್ಧ ಕನ್ನಡದಲ್ಲಿ, ಒಂದೇ ನಿಶ್ಚಲ ಚಿತ್ರವಾಗಿ, ‘ಜಾಹೀರಾತು’ ಎಂಬ ಶೀರ್ಷಿಕೆಯಡಿ ಇರಲಿ. ಓದುಗನ ಚಲನವಲನವನ್ನು ಹಿಂಬಾಲಿಸುವ ಯಾವ ಉಪಕರಣವೂ ಅದರಲ್ಲಿ ಬೇಕಾಗಿಲ್ಲ. ಯುಗಾದಿಗೆ ಒಮ್ಮೆ, ಶಾಲಾ ಪ್ರವೇಶದ ಹೊತ್ತಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಬದಲಿಸಿದರೆ ಸಾಕು.

ಆದರೆ ಈ ದಾರಿಯಲ್ಲಿ ಒಂದು ಹಳ್ಳವಿದೆ, ಯಂತ್ರದ ಜಾಹೀರಾತಿನಲ್ಲಿ ಇಲ್ಲದ್ದು. ಗೂಗಲಿನ ಹರಾಜಿನಲ್ಲಿ ಗೆದ್ದ ಜಾಹೀರಾತುದಾರನಿಗೆ ಲೇಖಕ ಯಾರೆಂದು ತಿಳಿಯದು, ಲೇಖಕನಿಗೂ ಅವನು ಯಾರೆಂದು ತಿಳಿಯದು. ಈ ಪರಸ್ಪರ ಅಜ್ಞಾನ ವಿದ್ವತ್ತಿಗೆ ಒಳ್ಳೆಯ ರಕ್ಷಣೆ. ಸ್ಥಳೀಯ ಪ್ರಾಯೋಜಕ ಹಾಗಲ್ಲ. ಅವನು ಲೇಖನವನ್ನು ಓದುತ್ತಾನೆ. ಸಣ್ಣ ಊರುಗಳಲ್ಲಿ ಇತಿಹಾಸದ ವಸ್ತುವೂ ಇತಿಹಾಸದ ಪೋಷಕರೂ ಅನೇಕ ವೇಳೆ ಒಂದೇ: ಮನೆತನಗಳು, ಮಠಗಳು, ದೇವಸ್ಥಾನದ ಸಮಿತಿಗಳು, ವಿದ್ಯಾಸಂಸ್ಥೆಗಳು. ಒಂದು ಮನೆತನದ ಮೂಲಪುರುಷನ ಕಾಲವನ್ನು ನೂರು ವರ್ಷ ಈಚೆಗೆ ತರುವ ಶಾಸನಪ್ರಮಾಣ ಸಿಕ್ಕಾಗ, ಆ ಮನೆತನದ ಅಂಗಡಿಯ ಜಾಹೀರಾತು ಅದೇ ಪುಟದ ಮೇಲಿದ್ದರೆ, ಲೇಖನಿ ಒಂದು ಗಳಿಗೆ ತಡೆಯುತ್ತದೆ. ಆ ತಡೆಯುವಿಕೆಯ ಬೆಲೆ 500 ರೂಪಾಯಿಗಿಂತ ಹೆಚ್ಚು. ದಾನಿಯ ಗುಣಕಥನವನ್ನು ಬರೆದ ಶಾಸನಕವಿಯ ಮಾತನ್ನು ಇಂದಿನ ಸಂಶೋಧಕ ಹೇಗೆ ಅನುಮಾನದಿಂದ ಓದುತ್ತಾನೋ ಅವನ ಬರಹವನ್ನೂ ಮುಂದಿನವರು ಹಾಗೆಯೇ ಓದುವಂತಾಗಬಾರದು.

ಆದ್ದರಿಂದ ಗೆರೆಯೊಂದನ್ನು ಎಳೆದುಕೊಳ್ಳುವುದು ಅಗತ್ಯ. ತಾಣ ಯಾರ ಬಗ್ಗೆ ಬರೆಯುತ್ತದೆಯೋ ಅವರಿಂದ ಜಾಹೀರಾತು ಪಡೆಯಬಾರದು. ಬರೆಯುವ ಸಂಭವವೇ ಇಲ್ಲದ ವರ್ತಕರಿಂದ ಪಡೆಯಬಹುದು; ಉಳಿದ ಜಾಗವನ್ನು ಯಂತ್ರಕ್ಕೆ ಬಿಡಬಹುದು. ವರ್ಷಕ್ಕೆ ಎಷ್ಟು ಹಣ ಯಾರಿಂದ ಬಂತು, ಎಷ್ಟು ಖರ್ಚಾಯಿತು ಎಂಬ ವಿವರವನ್ನು ತಾಣದಲ್ಲಿಯೇ ಒಂದು ಪುಟದಲ್ಲಿ ಪ್ರಕಟಿಸಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಶಾಸನಗಳು ಮಾಡಿದ್ದೂ ಇದನ್ನೇ: ಯಾರು, ಎಷ್ಟು, ಯಾವ ಕಾರ್ಯಕ್ಕೆ.

ಸರ್ಕಾರ, ವಿಶ್ವವಿದ್ಯಾಲಯಗಳು ಈ ಹೊರೆಯನ್ನು ಹೊರಬೇಕು ಎಂಬ ವಾದ ನ್ಯಾಯವಾದುದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಇಂಥ ತಾಣಗಳ ಪ್ರತಿಯನ್ನು ತನ್ನ ಗಣಕದಲ್ಲಿ ಇಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಅದು ಆಗುವ ತನಕ ಕಾಯುವುದು ಬೇರೆ ಮಾತು.

ಬಂದ ಹಣದ ವಿನಿಯೋಗದಲ್ಲಿಯೂ ಒಂದು ಕ್ರಮ ಬೇಕು. ಮೊದಲ ವರ್ಷದ ಜಾಹೀರಾತಿನ ಹಣದಿಂದ ಹೊಸ ವಿನ್ಯಾಸ ಮಾಡಿಸುವವರೇ ಹೆಚ್ಚು. ಅದರ ಬದಲು ತಾಣದ ಹೆಸರನ್ನು ಸಾಧ್ಯವಾದಷ್ಟು ದೀರ್ಘ ಅವಧಿಗೆ ನೋಂದಾಯಿಸಬೇಕು. ಒಂದು ಹೆಸರನ್ನು ಒಮ್ಮೆಗೆ ಗರಿಷ್ಠ 10 ವರ್ಷಗಳಿಗೆ ನೋಂದಾಯಿಸಲು ಅವಕಾಶವಿದೆ. ಅನಂತರ ಪ್ರತಿ ಲೇಖನದ ಒಂದು ಪ್ರತಿಯನ್ನು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಉಳಿಸಿ, ಅದರ ಕೊಂಡಿಯನ್ನು ಲೇಖನದ ಕೆಳಗೆ ಕೊಡಬೇಕು, ಅದಕ್ಕೆ ಹಣವೂ ಬೇಕಾಗಿಲ್ಲ. ನೋಂದಣಿಗೆ ಕೊಟ್ಟ ಮಿಂಚಂಚೆಯ ವಿಳಾಸ ಒಬ್ಬರದೇ ಆಗಿರದೆ, ಕನಿಷ್ಠ ಇನ್ನೊಬ್ಬ ನಂಬಿಕಸ್ಥ ಶಿಷ್ಯನಿಗೂ ಅದರ ಗುಪ್ತಪದ ತಿಳಿದಿರಬೇಕು.